ನನ್ನ ತಮ್ಮ ಮನೆಯಲ್ಲಿ ಲಾಂಗು ತಂದಿಟ್ಟಿದ್ದಾನೆ, ಯಾರಿಗೆ ಹೇಳಲಿ?

ಅಕ್ಕಾ, ನಾನು ಶಿವಮೊಗ್ಗದವಳು. 24 ವರ್ಷ. ಗಾಂಧಿ ಬಜಾರಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ. ಅಪ್ಪ ಮೊದಲು ಭದ್ರಾವತಿಯಲ್ಲಿ ಕಾರ್ಖಾನೆ ಗುತ್ತಿಗೆ ಕೆಲಸಕ್ಕೆ ಹೋಗುತ್ತಿದ್ದರು, ಈಗ ಆಟೋ ಓಡಿಸುತ್ತಾರೆ. ಅಮ್ಮ ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯೋಕೆ ಹೋಗುತ್ತಾಳೆ. ತಮ್ಮನಿಗೆ 17, ಈ ಶ್ರಾವಣಕ್ಕೆ 18 ತುಂಬುತ್ತೆ. ಫಸ್ಟ್ ಪಿಯುಸಿ ಫೇಲಾದ ಮೇಲೆ ಕಾಲೇಜು ಬಿಟ್ಟ. ಆಮೇಲೆ ನಮ್ಮ ಏರಿಯಾದ ಒಬ್ಬ ‘ಅಣ್ಣ’ನ ಹಿಂದೆ ತಿರುಗುತ್ತಿದ್ದಾನೆ. ಹೊಸ ಫೋನು, ಹೊಸ ಶೂ. ಮನೆಗೆ ಬರೋದು ರಾತ್ರಿ ಒಂದು ಗಂಟೆಗೆ. ಹೋದ ವರ್ಷ ಅವನ ಹುಟ್ಟಿದ ದಿನ ನಮಗ್ಯಾರಿಗೂ ನೆನಪಿರಲಿಲ್ಲ, ಆ ಹುಡುಗರು ರಾತ್ರಿ ಹನ್ನೆರಡಕ್ಕೆ ಬೈಕ್ ಸೀಟಿನ ಮೇಲೆ ಕೇಕ್ ಇಟ್ಟು ಕಟ್ ಮಾಡಿಸಿದರು. ಕಳೆದ ವಾರ ಬಚ್ಚಲ ಒಲೆ ಪಕ್ಕದ ಕಟ್ಟಿಗೆ ರಾಶಿಯಲ್ಲಿ ಯೂರಿಯಾ ಚೀಲ ಸುತ್ತಿದ ಲಾಂಗು ಸಿಕ್ಕಿತು. ಅಪ್ಪನಿಗೆ ಹೇಳಿದರೆ ಹೊಡೆದು ಮನೆಯಿಂದ ಓಡಿಸುತ್ತಾರೆ. ಮಾವನಿಗೆ ಲಾಂಗಿನ ವಿಷಯ ಗೊತ್ತಿಲ್ಲ, ಆದರೂ ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ನಾಲ್ಕು ಬಿಸಿ ಮುಟ್ಟಿಸಿದರೆ ಸರಿ ಹೋಗುತ್ತಾನೆ ಅನ್ನುತ್ತಿದ್ದಾರೆ. ಅಮ್ಮ ಹೊಸನಗರದ ಅಜ್ಜಿ ಮನೆಗೆ ಕಳಿಸೋಣ ಅನ್ನುತ್ತಾಳೆ. ನಾನು ಅದನ್ನು ಹೊಳೆಗೆ ಎಸೆದು ಸುಮ್ಮನಿದ್ದುಬಿಡಲಾ?

ತಂಗಿ,

ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ.

ಮೊದಲು ಲಾಂಗಿನ ವಿಷಯ. ಹೊಳೆಗೆ ಎಸೆಯಬೇಡ. ಇನ್ನೊಂದು ಸಲ ಮುಟ್ಟಲೂ ಬೇಡ. ಅದು ಎಲ್ಲಿಂದ ಬಂತು, ಎಲ್ಲಾದರೂ ಬಳಕೆಯಾಗಿದೆಯಾ ಅನ್ನೋದು ನಿನಗೆ ಗೊತ್ತಿಲ್ಲ. ಯಾವುದೋ ಕೇಸಿಗೆ ಸೇರಿದ್ದಾದರೆ ಸಾಕ್ಷಿ ನಾಶ ಮಾಡಿದಳು ಅನ್ನೋ ಮಾತು ನಿನ್ನ ಮೇಲೇ ಬರುತ್ತೆ. ಮತ್ತೆ ಅದು ತಮ್ಮನದೇ ಅಂತ ಅಂದುಕೊಳ್ಳಬೇಡ. ಇಂಥ ಗುಂಪುಗಳಲ್ಲಿ ದೊಡ್ಡವರು ಇಂಥದ್ದನ್ನು ಸ್ವಂತ ಮನೆಯಲ್ಲಿ ಇಟ್ಟುಕೊಳ್ಳೋದು ಕಡಿಮೆ. ಯಾರ ಮೇಲೆ ಪೊಲೀಸರ ಕಣ್ಣಿಲ್ಲವೋ ಅಂಥ ಚಿಕ್ಕ ಹುಡುಗನ ಕೈಗೆ ಕೊಟ್ಟು ‘ನಿನ್ನ ಹತ್ರ ಇರಲಿ ಕಣೋ’ ಅನ್ನುತ್ತಾರೆ, ಅವನು ಅದನ್ನು ನಂಬಿಕೆ ಅಂತ ತಿಳಿದು ಎದೆ ಉಬ್ಬಿಸಿಕೊಂಡು ಮನೆಗೆ ತರುತ್ತಾನೆ. ನಾಳೆ ಅದು ಕಾಣೆಯಾದರೆ ಅವರು ಕೇಳೋದು ಅವನನ್ನೇ. ಆ ಭಯವೂ ನನಗಿದೆ.

ಹಾಗಂತ ಮನೆಯಲ್ಲಿ ಸುಮ್ನೆ ಇಟ್ಟುಕೊಂಡು ಕೂರೋದೂ ಬೇಡ. ಈ ವಾರದೊಳಗೆ ಒಂದು ದಿನ ರಜೆ ಹಾಕಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗು. ಕೋರ್ಟಿನ ಹತ್ತಿರ ಯಾರನ್ನು ಕೇಳಿದರೂ ತೋರಿಸುತ್ತಾರೆ. 1987ರ ಕಾಯ್ದೆ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ ಅಲ್ಲಿ ವಕೀಲರು ಪುಕ್ಕಟೆ ಸಿಗುತ್ತಾರೆ, ಆದಾಯ ಎಷ್ಟು ಅಂತ ನೋಡುವುದಿಲ್ಲ. ಹೋಗುವ ಮುಂಚೆ 15100ಕ್ಕೆ ಫೋನ್ ಮಾಡಿ ಕೇಳಬಹುದು. ವಕೀಲರ ಹತ್ತಿರ ಒಂದೂ ಮುಚ್ಚಿಡದೆ ಹೇಳು. ಆ ಲಾಂಗನ್ನು ಯಾವಾಗ, ಯಾರ ಮೂಲಕ ಒಪ್ಪಿಸಬೇಕು ಅನ್ನೋದನ್ನು ಅವರೇ ಹೇಳಲಿ. ಪ್ರತಿ ಸ್ಟೇಷನ್ನಿನಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಅಂತ ಒಬ್ಬರು ಇರಬೇಕು ಅಂತ ಕಾನೂನೇ ಇದೆ. ಹೋಗೋದಾದರೆ ವಕೀಲರ ಜೊತೆ ಅವರ ಹತ್ತಿರ ಹೋಗಬೇಕು, ಮಾವ ಹೇಳೋ ಹಾಗೆ ‘ನಾಲ್ಕು ಬಿಸಿ ಮುಟ್ಟಿಸಿ ಸಾರ್’ ಅಂತ ಎಳೆದುಕೊಂಡು ಹೋಗೋದಲ್ಲ.

ಇಷ್ಟು ಅವಸರ ಮಾಡೋದು ಅವನ ವಯಸ್ಸಿಗಾಗಿ. 2015ರ ಬಾಲನ್ಯಾಯ ಕಾಯ್ದೆಯಲ್ಲಿ 18 ತುಂಬದವನನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಜೈಲಿಗೆ ಕಳಿಸುವಂತಿಲ್ಲ, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿ ಮುಂದೆ ಕರೆದುಕೊಂಡು ಹೋಗಬೇಕು. ಆದರೆ 16 ದಾಟಿದವನು ಕೊಲೆಯಂಥ ಘೋರ ಕೃತ್ಯದಲ್ಲಿ ಸಿಕ್ಕಿದರೆ ಅವನನ್ನು ದೊಡ್ಡವರ ಹಾಗೆ ವಿಚಾರಣೆ ಮಾಡಬೇಕಾ ಅಂತ ಮಂಡಳಿ ಯೋಚಿಸಬಹುದು. ಶ್ರಾವಣ ಕಳೆದ ಮೇಲೆ ಆಗೋ ಯಾವ ಗಲಾಟೆಗೂ ಈ ರಕ್ಷಣೆಯೇ ಇರೋದಿಲ್ಲ. ಇನ್ನೊಂದು ಮಾತು ತಮ್ಮನಿಗೂ ಗೊತ್ತಿರಲಿ: ಮಕ್ಕಳನ್ನು ಅಕ್ರಮ ಕೆಲಸಕ್ಕೆ ಬಳಸೋ ದೊಡ್ಡವರಿಗೆ ಇದೇ ಕಾಯ್ದೆಯ 83ನೇ ಕಲಂನಲ್ಲಿ 7 ವರ್ಷದವರೆಗೆ ಕಠಿಣ ಜೈಲು, 5 ಲಕ್ಷ ರೂಪಾಯಿ ದಂಡ ಇದೆ. ‘ಅಣ್ಣ’ ಅವನಿಗೆ ಇದನ್ನು ಹೇಳಿರುವುದಿಲ್ಲ.

ಈಗ ಕಾನೂನು ಬದಿಗಿಡೋಣ. ನನ್ನನ್ನು ಜಾಸ್ತಿ ಕಾಡಿದ್ದು ನಿನ್ನ ಪತ್ರದ ಆ ಕೇಕಿನ ಸಾಲು.

ನೀನು ಅದನ್ನು ದೂರಿನ ಹಾಗೆ ಬರೆದಿದ್ದೀಯ. ಆ ರಾತ್ರಿ ತಮ್ಮ ಹೇಗಿದ್ದಿರಬಹುದು ಅಂತ ಒಂದು ಸಲ ನೋಡು. ಪರೀಕ್ಷೆಯಲ್ಲಿ ಫೇಲಾಗಿದ್ದಾನೆ. ಜೊತೆಯವರು ಸೆಕೆಂಡ್ ಪಿಯುಸಿಗೆ ಹೋಗುತ್ತಿದ್ದಾರೆ. ಅಪ್ಪನ ಜೊತೆ ಮಾತಿಲ್ಲ. ಬೆಳಿಗ್ಗೆಯಿಂದ ‘ಇವತ್ತಾದರೂ ನೆನಪಾಗುತ್ತಾ’ ಅಂತ ಅಡಿಗೆಮನೆ ಬಾಗಿಲಲ್ಲಿ ಎರಡು ಮೂರು ಸಲ ನಿಂತು ಹೋಗಿರುತ್ತಾನೆ. ನಿಮ್ಮದೂ ತಪ್ಪಲ್ಲ, ಬೆಳಗಾದರೆ ಎಲ್ಲರಿಗೂ ಹೊಟ್ಟೆಪಾಡು. ಆಮೇಲೆ ನಡುರಾತ್ರಿ ಹತ್ತು ಜನ ಬಂದು ಅವನ ಹೆಸರು ಕೂಗಿದರು. ಕೇಕಿನ ಮೇಲೆ ಅವನ ಹೆಸರಿತ್ತು. ಅಲ್ಲಿಂದ ಮುಂದೆ ಅವನಿಗೆ ಮನೆ ಯಾವುದಾಯಿತು ಅಂತ ನಾನು ಬಿಡಿಸಿ ಹೇಳಬೇಕಾ?

ಹುಡುಗರು ಗ್ಯಾಂಗಿಗೆ ಯಾಕೆ ಹೋಗುತ್ತಾರೆ ಅಂತ ಕೇಳಿದರೆ ಎಲ್ಲರೂ ದುಡ್ಡು, ಗಾಂಜಾ, ಸಿನಿಮಾ, ರೀಲ್ಸ್ ಅನ್ನುತ್ತಾರೆ. ಅವೆಲ್ಲ ಇವೆ. ಆದರೆ ನಾನು ಮಾತಾಡಿಸಿದ ಹುಡುಗರು ಯಾರೂ ದುಡ್ಡಿನಿಂದ ಕಥೆ ಶುರು ಮಾಡಲಿಲ್ಲ. ‘ಅಲ್ಲಿ ನಾನು ಬಂದಿಲ್ಲ ಅಂದ್ರೆ ಫೋನ್ ಮಾಡ್ತಾರೆ’ ಅಂತ ಶುರು ಮಾಡಿದರು. ಇನ್ನು ಕೆಲವರು ಹೆದರಿಕೆಯಿಂದ ಹೋದವರು. ಒಬ್ಬನೇ ಓಡಾಡಿದರೆ ಆ ಕಡೆ ಏರಿಯಾದವರು ಹೊಡೆಯುತ್ತಾರೆ, ಅಣ್ಣನ ಹುಡುಗ ಅಂದರೆ ಮುಟ್ಟೋದಿಲ್ಲ. ಅಮೆರಿಕದ ಷಿಕಾಗೋದಲ್ಲಿ ಫ್ರೆಡರಿಕ್ ಥ್ರಾಷರ್ ಅನ್ನೋ ಸಮಾಜಶಾಸ್ತ್ರಜ್ಞ 1,313 ಗ್ಯಾಂಗುಗಳನ್ನು ನೋಡಿ 1927ರಲ್ಲಿ ಬರೆದಿದ್ದರು. ಬೀದಿಯಲ್ಲಿ ಆಡಿಕೊಂಡಿದ್ದ ಹುಡುಗರ ಗುಂಪೇ ಎದುರಾಳಿ ಸಿಕ್ಕಿದ ಮೇಲೆ ಬಿಗಿಯಾಗಿ ಗ್ಯಾಂಗ್ ಆಗುತ್ತೆ ಅಂತ. ನಮ್ಮಲ್ಲೂ ಹಾಗೇ ಅಲ್ವಾ? ಗಲ್ಲಿ ಕ್ರಿಕೆಟ್ಟಿನಲ್ಲಿ ಒಂದು ಔಟಿಗೆ ಜಗಳ, ಬ್ಯಾಟಿನಲ್ಲಿ ಒಬ್ಬನ ತಲೆಗೆ ಏಟು, ಮರುದಿನ ಅವರ ಕಡೆಯವರು ಬರುತ್ತಾರೆ ಅಂತ ಭಯ. ಆಗ ‘ನಾನಿದ್ದೀನಿ ಬನ್ರೋ’ ಅಂತ ಒಬ್ಬ ಬರುತ್ತಾನೆ. ಮನೆಯವರಿಗೆ ಹೇಳೋ ಹಾಗಿಲ್ಲ, ಹೇಳಿದರೆ ಅಲ್ಲೂ ಏಟು. ಬೇರೆ ಯಾರು ಉಳಿದರು?

ಭದ್ರಾವತಿಯ ಮಾತು ಬರೆದಿದ್ದೀಯಲ್ಲ, ಅದರಲ್ಲೂ ಇದರ ಬೇರಿದೆ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಜೋರಾಗಿದ್ದಾಗ ಓದು ಹತ್ತದ ಹುಡುಗನಿಗೂ ಅಪ್ಪನ ಹಿಂದೆ ಗೇಟು ದಾಟೋ ಒಂದು ದಾರಿ ಕಾಣುತ್ತಿತ್ತು. ಶಿಫ್ಟು, ಯೂನಿಫಾರ್ಮು, ಸಂಬಳದ ದಿನ, ಕೈ ಕೆಳಗೆ ಕೆಲಸ ಕಲಿಸೋ ಹಿರಿಯರು. ಆ ಹಿರಿಯರ ಜಾಗದಲ್ಲಿ ಈಗ ಬೈಕ್ ಮೇಲೆ ಕೂತ ‘ಅಣ್ಣ’ ಇದ್ದಾನೆ. ನಿನ್ನ ಅಪ್ಪನೂ ಆ ಗೇಟಿನಿಂದ ಹೊರಗೆ ಬಂದವರೇ, ಅವರ ಸಿಟ್ಟಿನೊಳಗೂ ಅದೇ ನೋವಿರಬಹುದು.

ಮಾವನಿಗೆ ಒಂದು ವಿಷಯ ನನ್ನ ಹೆಸರು ಹೇಳಿ ತಿಳಿಸು. ಅಮೆರಿಕದಲ್ಲಿ ದಾರಿ ತಪ್ಪುತ್ತಿರೋ ಹುಡುಗರನ್ನು ಜೈಲಿಗೆ ಕರೆದುಕೊಂಡು ಹೋಗಿ, ಕೈದಿಗಳಿಂದ ಬೈಸಿ, ಹೆದರಿಸಿ ಸರಿ ಮಾಡೋ ಕಾರ್ಯಕ್ರಮ ಬಹಳ ವರ್ಷ ನಡೆಯಿತು. ಆಮೇಲೆ ಲೆಕ್ಕ ಹಾಕಿ ನೋಡಿದರೆ, ಕರೆದುಕೊಂಡು ಹೋಗದೇ ಇದ್ದ ಹುಡುಗರಿಗಿಂತ ಹೋಗಿ ಬಂದವರೇ ಜಾಸ್ತಿ ತಪ್ಪು ಮಾಡಿದ್ದರು. ಇಲ್ಲೂ ಅಷ್ಟೇ. ಸ್ಟೇಷನ್ನಿನಲ್ಲಿ ಏಟು ತಿಂದು ಬಂದ ಹುಡುಗನಿಗೆ ಮರುದಿನ ಆ ಗುಂಪಿನಲ್ಲಿ ಬೆಲೆ ಜಾಸ್ತಿಯಾಗುತ್ತೆ.

ಹತ್ತು ವರ್ಷದ ಹಿಂದಿನ ಮಾತು. ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗ ಇದೇ ದಾರಿಯಲ್ಲಿ ಸಾಕಷ್ಟು ದೂರ ಹೋಗಿದ್ದ. ಬುದ್ಧಿ ಹೇಳಿದವರೆಲ್ಲ ಸೋತರು, ನಾನೂ ಅದರಲ್ಲಿ ಒಬ್ಬಳು. ಕೊನೆಗೆ ಅವನನ್ನು ತಿರುಗಿಸಿದ್ದು ಒಬ್ಬ ಗ್ಯಾರೇಜ್ ಮೇಸ್ತ್ರಿ. ಕೆಲಸಕ್ಕೆ ಸೇರಿದ ಎರಡನೇ ವಾರಕ್ಕೆ ಆ ಮನುಷ್ಯ ಶಟರಿನ ಬೀಗದ ಕೈ ತೆಗೆದು ಅವನ ಕೈಯಲ್ಲಿಟ್ಟು, ‘ನಾಳೆಯಿಂದ ಎಂಟೂವರೆಗೆ ನೀನೇ ತೆಗಿಬೇಕು’ ಅಂದರಂತೆ. ಎರಡೇ ದಿನಕ್ಕೆ ಹುಡುಗ ಹೋಗಲಿಲ್ಲ. ಒಂಬತ್ತೂವರೆಗೆ ನಿದ್ದೆಗಣ್ಣಲ್ಲಿ ಓಡಿ ಹೋದರೆ ಮೇಸ್ತ್ರಿ, ಇನ್ನಿಬ್ಬರು ಕೆಲಸದವರು, ಗಾಡಿ ಬಿಡೋಕೆ ಬಂದ ಒಬ್ಬ ಮೇಷ್ಟ್ರು, ಎಲ್ಲರೂ ಜಿನುಗು ಮಳೆಯಲ್ಲಿ ಶಟರ್ ಮುಂದೆ ನಿಂತಿದ್ದಾರೆ. ಯಾರೂ ಬೈಯಲಿಲ್ಲ. ಮೇಸ್ತ್ರಿ ‘ತೆಗಿ, ತೆಗಿ, ಕೆಲಸ ಇದೆ’ ಅಂದರು. ನಾಲ್ಕು ಜನ ತನಗೋಸ್ಕರ ಕಾದಿದ್ದನ್ನು ಅವನು ಅವತ್ತೇ ನೋಡಿದ್ದಂತೆ. ಆ ಹುಡುಗ ಈಗ ಸ್ವಂತ ಗ್ಯಾರೇಜ್ ಇಟ್ಟಿದ್ದಾನೆ.

ಹಾಗಾಗಿ ನಿನ್ನ ತಮ್ಮನಿಗೆ ಬುದ್ಧಿಮಾತಿಗಿಂತ ಮೊದಲು ಇಂಥ ಒಂದು ಬೀಗದ ಕೈ ಬೇಕು. ಗ್ಯಾರೇಜೋ, ಎಲೆಕ್ಟ್ರಿಕಲ್ ಕೆಲಸವೋ, ಐಟಿಐಯೋ. ಐಟಿಐಗೆ ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು, ಪಿಯುಸಿ ಫೇಲಾಗಿದ್ದು ಅಡ್ಡ ಬರೋದಿಲ್ಲ. ಮಾವನಿಗೆ ಏನಾದರೂ ಮಾಡಲೇಬೇಕು ಅನಿಸಿದರೆ ಸ್ಟೇಷನ್ ಬಿಟ್ಟು ಈ ಕೆಲಸಕ್ಕೆ ಓಡಾಡಲಿ. ಅಜ್ಜಿ ಮನೆಗೆ ಕಳಿಸೋದು ಒಳ್ಳೆಯದೇ, ಒಂದೆರಡು ತಿಂಗಳು ಆ ಬೈಕಿನ ಸದ್ದು ಕೇಳದಿದ್ದರೆ ಅವನಿಗೂ ಉಸಿರಾಡೋಕೆ ಜಾಗ ಸಿಗುತ್ತೆ, ಆದರೆ ವಕೀಲರನ್ನು ಕೇಳಿದ ಮೇಲೆ ಕಳಿಸಿ, ಇಲ್ಲದಿದ್ದರೆ ಬಚ್ಚಿಟ್ಟರು ಅನ್ನೋ ಹಾಗಾಗುತ್ತೆ. ಅಲ್ಲಿ ಅವನಿಗೆ ತೋಟದ ಕೆಲಸವಿರಲಿ, ಕೂಲಿಯೂ ಇರಲಿ. ಶಿಕ್ಷೆ ಅನ್ನಿಸಬಾರದು.

ಅವನ ಹತ್ತಿರ ಮಾತಾಡೋದು ನೀನೇ ಆಗಬೇಕು. ರಾತ್ರಿ ಒಂದು ಗಂಟೆಗೆ ಬಂದಾಗ ಬೇಡ. ನಿನ್ನ ರಜೆ ದಿನ ಗಾಜನೂರು ಡ್ಯಾಮಿನ ಕಡೆ ಹೋಗಿಬರೋಣ ಅಂತ ಕರೆದುಕೊಂಡು ಹೋಗು. ಎದುರು ಬದುರು ಕೂತು ವಿಚಾರಣೆ ಮಾಡಿದರೆ ಬಾಯಿ ಬಿಡೋದಿಲ್ಲ, ಪಕ್ಕದಲ್ಲಿ ಕೂತು ನೀರು ನೋಡುತ್ತಾ ಇದ್ದರೆ ಮಾತು ಬರುತ್ತೆ. ಹುಟ್ಟಿದ ದಿನ ಮರೆತಿದ್ದಕ್ಕೆ ಮೊದಲು ಕ್ಷಮೆ ಕೇಳು. ಆಮೇಲೆ ಒಂದೇ ಪ್ರಶ್ನೆ: ‘ಅವರಿಗೆ ಏನಾದ್ರೂ ಕೊಡೋದಿದೆಯೇನೋ?’ ಆ ಫೋನು, ಶೂ ಪುಕ್ಕಟೆ ಬಂದಿದ್ದಲ್ಲ, ಎಲ್ಲದಕ್ಕೂ ಅಣ್ಣನ ತಲೆಯಲ್ಲಿ ಲೆಕ್ಕ ಇರುತ್ತೆ. ಸಾಲದ ಮಾತು ಬಂದರೆ, ಯಾರಾದರೂ ಬೆದರಿಸಿದ್ದರೆ, ಅದನ್ನೂ ವಕೀಲರಿಗೆ ಹೇಳು. ನಿನ್ನ ಒಡವೆ ಅಡವಿಟ್ಟು ನೀನೇ ತೀರಿಸೋಕೆ ಹೋಗಬೇಡ. ತಮ್ಮನೂ ‘ನಾನಿನ್ನು ಬರಲ್ಲ’ ಅಂತ ಹೋಗಿ ಘೋಷಣೆ ಮಾಡೋದು ಬೇಡ. ಕೆಲಸ ಸಿಕ್ಕಿದೆ, ಅಜ್ಜಿಗೆ ಹುಷಾರಿಲ್ಲ, ಬೆಳಿಗ್ಗೆ ಬೇಗ ಏಳಬೇಕು, ಹೀಗೆ ನಿಧಾನಕ್ಕೆ ದೂರ ಸರಿಯೋದೇ ವಾಸಿ. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರಿನಲ್ಲಿ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದಿದೆ. ಗ್ಯಾಂಗ್ ಸೇರಿದವರಲ್ಲಿ ಜಾಸ್ತಿ ಜನ ಒಂದು ವರ್ಷದೊಳಗೇ ಬಿಟ್ಟು ಬಂದಿದ್ದರು. ನನಗೆ ಧೈರ್ಯ ಕೊಡೋ ವಿಷಯ ಇದು.

ಕಣ್ಣು ಕೆಂಪಗಿರೋದು, ಹಗಲೆಲ್ಲ ಮಲಗೋದು ಕಂಡರೆ ಗಾಂಜಾ ಇರಬಹುದು. ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸು. ಅವನು ಒಪ್ಪದಿದ್ದರೆ ಮೊದಲು ನೀನೇ 14446ಕ್ಕೆ ಫೋನ್ ಮಾಡು, ಅದು ಚಟ ಬಿಡಿಸೋ ಸಹಾಯವಾಣಿ. ನಿನಗೇ ತಡೆಯೋಕೆ ಆಗದೆ ಅಳು ಬಂದರೆ ಮಾನಸಿಕ ಆರೋಗ್ಯದ ಸಹಾಯವಾಣಿ 14416 ಇದೆ.

ಅಪ್ಪನಿಗೆ ಹೇಳಲೇಬೇಕು. ಆದರೆ ವಕೀಲರನ್ನು ನೋಡಿದ ಮೇಲೆ, ಅಮ್ಮನ ಎದುರಿಗೆ, ಮಾಡಬೇಕಾದ ಕೆಲಸದ ಸಮೇತ. ಬರೀ ಲಾಂಗಿನ ಸುದ್ದಿ ಕೊಟ್ಟರೆ ಅವರ ಕೈಗೆ ಸಿಟ್ಟು ಬಿಟ್ಟು ಬೇರೇನೂ ಸಿಗೋದಿಲ್ಲ. ಬೆಳಿಗ್ಗೆ ಆಟೋದಲ್ಲಿ ಅವನನ್ನು ಕೆಲಸದ ಜಾಗಕ್ಕೆ ಬಿಡೋದು ನಿಮ್ಮ ಜವಾಬ್ದಾರಿ ಅಂತ ಹೇಳು. ದಾರಿಯಲ್ಲಿ ಇಬ್ಬರೂ ಮಾತಾಡದಿದ್ದರೂ ಪರವಾಗಿಲ್ಲ.

ಇನ್ನು ನಿನ್ನ ಬೀದಿಯವರಿಗೂ ಒಂದು ಮಾತು, ನನಗೆ ಸಿಟ್ಟಿದೆ, ಹೇಳಿಬಿಡುತ್ತೇನೆ. ಗಣಪತಿ ಕೂರಿಸೋಕೆ, ಮಾರಿ ಜಾತ್ರೆಗೆ ನೀರು ಹಂಚೋಕೆ, ಚುನಾವಣೆಗೆ ಬಾವುಟ ಹಿಡಿಯೋಕೆ, ಗಲಾಟೆಯಾದರೆ ಮುಂದೆ ನಿಲ್ಲೋಕೆ ಇದೇ ಹುಡುಗರು ಬೇಕು. ಮರುದಿನದಿಂದ ಇವರು ಪೋಲಿಗಳು. ಸಂಜೆ ಐದರಿಂದ ಒಂಬತ್ತರವರೆಗೆ ಇವರಿಗೆ ನಿಲ್ಲೋಕೆ ಒಂದು ಮೈದಾನ ಉಳಿಸಿದ್ದೀರಾ? ಕಬಡ್ಡಿ ಕಲಿಸೋ ಒಬ್ಬ ಹಳೇ ಆಟಗಾರ ನಿಮ್ಮ ಬೀದಿಯಲ್ಲಿ ಇಲ್ವಾ? ಅಮೆರಿಕದ ಬಾಸ್ಟನ್ನಿನಲ್ಲಿ 1996ರಲ್ಲಿ ಪೊಲೀಸರು, ಚರ್ಚಿನ ಹಿರಿಯರು, ಬೀದಿಯಲ್ಲಿ ಕೆಲಸ ಮಾಡೋ ಕಾರ್ಯಕರ್ತರು ಒಟ್ಟಾಗಿ ಗ್ಯಾಂಗಿನ ಹುಡುಗರನ್ನೇ ಎದುರು ಕೂರಿಸಿಕೊಂಡು ನೇರವಾಗಿ ಹೇಳಿದರು. ಗುಂಡು ಹಾರಿಸೋದು ನಿಲ್ಲಿಸಿ, ನಿಲ್ಲಿಸಿದರೆ ಓದಿಗೆ ಕೆಲಸಕ್ಕೆ ನಾವಿದ್ದೇವೆ, ನಿಲ್ಲಿಸದಿದ್ದರೆ ಇಡೀ ಗುಂಪನ್ನು ಬಿಡುವುದಿಲ್ಲ. ಅಲ್ಲಿ ಹುಡುಗರ ಕೊಲೆಗಳು ಅರ್ಧಕ್ಕಿಂತ ಕೆಳಗೆ ಇಳಿದವು. ನಮ್ಮಲ್ಲಿ ಅಷ್ಟು ದೊಡ್ಡದು ಬೇಡ. ನಿಮ್ಮ ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ ಅಮ್ಮ ಈ ಮಾತು ಎತ್ತಲಿ. ಹೆಸರು ಹೇಳೋದು ಬೇಡ, ‘ನಮ್ಮ ಬೀದಿಯಲ್ಲಿ ಕಾಲೇಜು ಬಿಟ್ಟ ಹುಡುಗರು ಎಷ್ಟಿದ್ದಾರೆ’ ಅಂತ ಕೇಳಿದರೆ ಸಾಕು. ಬಾಯಿ ಕಟ್ಟಿಕೊಂಡು ಕೂತ ಅಮ್ಮಂದಿರು ಇನ್ನೂ ನಾಲ್ಕು ಜನ ಸಿಗುತ್ತಾರೆ.

ಪ್ರಾಧಿಕಾರಕ್ಕೆ ಹೋಗುವಾಗ ತಮ್ಮನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಮರೆಯದೆ ತಗೊಂಡು ಹೋಗು. ಹುಟ್ಟಿದ ತಾರೀಕಿಗೆ ಮೊದಲು ನೋಡೋದು ಶಾಲೆಯ ದಾಖಲೆಯನ್ನೇ. ಒಂದು ಜೆರಾಕ್ಸ್ ಮಾಡಿಸಿ ನಿನ್ನ ಬ್ಯಾಗಿನಲ್ಲೂ ಇಟ್ಟುಕೋ. ಹೋಗಿ ಬಂದ ಮೇಲೆ ವಕೀಲರು ಏನಂದರು ಅಂತ ನನಗೆ ಬರಿ, ಕಾಯುತ್ತಿರುತ್ತೇನೆ.