ಪೂಜೆ ಆಗದೆ ತಿಂಡಿ ಇಲ್ಲ, ಎಂಟೇ ಜನ ಇದ್ದರೆ ಖೋ ಖೋ ಇಲ್ಲ

ನಿಮ್ಮ ಪ್ರಶ್ನೆ ಓದುವಾಗ ನನ್ನ ಮೊದಲ ವರ್ಷ ನೆನಪಾಯಿತು. ಪಿಎಚ್‌.ಡಿ.ಗೆ ಸೇರಿ ಎಂಟು ತಿಂಗಳಾಗಿದೆ, ವಾರದಲ್ಲಿ ಎರಡು ದಿನ ಪಾಠವೂ ಇದೆ, ವಾಲಿಬಾಲ್ ಆಗಲೇ ಬಿಟ್ಟಾಗಿದೆ, ಬೆಳಗಿನ ಪ್ರಾರ್ಥನೆಯೂ ತಪ್ಪುತ್ತಾ ಬಂದಿದೆ, ಇಷ್ಟನ್ನೂ ಒಟ್ಟಿಗೆ ತೂಗಿಸುವವರು ಯಾರಾದರೂ ಇದ್ದೀರಾ ಅಂತ ಕೇಳಿದ್ದೀರಿ. ತೂಗಿಸುತ್ತಿದ್ದೇನೆ ಅಂತ ಎದೆ ತಟ್ಟಿಕೊಳ್ಳಲಾರೆ. ನಾಲ್ಕರಲ್ಲಿ ಯಾವುದನ್ನೂ ಬಿಟ್ಟಿಲ್ಲ, ಅಷ್ಟು ಮಾತ್ರ ನಿಜ.

ನಾನು ಮೈಸೂರಿನಲ್ಲಿ ಕೆಮಿಸ್ಟ್ರಿಯಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ನಾಲ್ಕನೇ ವರ್ಷ. ಮಂಗಳವಾರ, ಗುರುವಾರ ಮಧ್ಯಾಹ್ನ ಮೊದಲ ವರ್ಷದ ಎಂ.ಎಸ್ಸಿ.ಯವರಿಗೆ ಪ್ರಾಕ್ಟಿಕಲ್ ಮಾಡಿಸುತ್ತೇನೆ. ಸಂಜೆ ಖೋ ಖೋ. ಬೆಳಿಗ್ಗೆ ಇಷ್ಟಲಿಂಗ ಪೂಜೆ. ಊರು ನಂಜನಗೂಡಿನ ಹತ್ತಿರದ ಹಳ್ಳಿ.

ಶುರುವಿನಲ್ಲಿ ನಾನೂ ಎಲ್ಲರಂತೆ ಟೈಮ್‌ಟೇಬಲ್ ಬರೆದು ಹಾಸ್ಟೆಲ್ ಗೋಡೆಗೆ ಅಂಟಿಸಿದ್ದೆ. ಇದಕ್ಕೆ ಒಂದು ಗಂಟೆ, ಅದಕ್ಕೆ ಎರಡು ಗಂಟೆ ಅಂತ. ಮೂರು ವಾರ ಬಾಳಿಕೆ ಬಂತು. ಶಿಸ್ತು ಸಾಲದು ಅಂತ ನನ್ನನ್ನೇ ಬೈದುಕೊಂಡೆ. ಆಮೇಲೆ ಗೊತ್ತಾಯಿತು, ಲೆಕ್ಕವೇ ತಪ್ಪಿತ್ತು. ನಾಲ್ಕೂ ಒಂದೇ ಥರದ ಕೆಲಸ ಅಂದುಕೊಂಡು ಗಂಟೆ ಹಂಚಿದ್ದೆ. ಈಗ ವಾರ ಶುರುವಾಗುವಾಗ ನೋಡುವುದು ಒಂದನ್ನೇ. ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ.

ಕಾಲಂ ಕಾಯುವುದಿಲ್ಲ. ನೀವು ಕೆಮಿಸ್ಟ್ರಿಯವರಲ್ಲದಿದ್ದರೆ ಹೇಳಿಬಿಡುತ್ತೇನೆ, ಕಾಂಪೌಂಡಿನ ಜೊತೆ ಬೆರೆತದ್ದನ್ನು ಬೇರ್ಪಡಿಸಿ ಶುದ್ಧ ಮಾಡುವ ವಿಧಾನ ಅದು. ಉದ್ದನೆಯ ಗಾಜಿನ ಕೊಳವೆಯಲ್ಲಿ ಸಿಲಿಕಾ ತುಂಬಿ, ಅದರ ಮೇಲೆ ನಾವು ತಯಾರಿಸಿದ ಕಾಂಪೌಂಡ್ ಹಾಕಿ, ಹೆಕ್ಸೇನ್ ಮತ್ತು ಈಥೈಲ್ ಅಸಿಟೇಟ್ ಬೆರೆಸಿ ಸುರಿಯುತ್ತಾ ಹೋಗಬೇಕು. ಕೆಳಗೆ ಇಳಿದದ್ದನ್ನು ಒಂದೊಂದೇ ಟೆಸ್ಟ್‌ಟ್ಯೂಬಿನಲ್ಲಿ ಹಿಡಿಯಬೇಕು, ಒಂದೊಂದು ಟ್ಯೂಬಿನದ್ದೂ ಒಂದು ಫ್ರಾಕ್ಷನ್. ಮಧ್ಯದಲ್ಲಿ ದ್ರಾವಣ ಹಾಕದೆ ಒಣಗಲು ಬಿಟ್ಟರೆ ಸಿಲಿಕಾ ಬಿರುಕು ಬಿಡುತ್ತದೆ, ಕಥೆ ಮುಗೀತು. ಸಂಜೆ ಐದೂವರೆಗೆ ನಾನು ಮೈದಾನದಲ್ಲಿರಬೇಕು ಅಂತ ಅದಕ್ಕೇನು ಗೊತ್ತು? ಹಾಗಾಗಿ ಕಾಲಂ ಏನಿದ್ದರೂ ಬೆಳಿಗ್ಗೆ ಎಂಟೂವರೆಗೆ. ಮಧ್ಯಾಹ್ನದ ಮೇಲೆ ಎಷ್ಟೇ ಆಸೆಯಾದರೂ ಹಾಕುವುದಿಲ್ಲ. ನನ್ನ ರಿಯಾಕ್ಷನ್‌ಗಳಾದರೆ ಹಾಗಲ್ಲ, ಹೆಚ್ಚಿನವು ರಾತ್ರಿಯಿಡೀ ತಿರುಗಬೇಕಾದವು. ಐದು ಗಂಟೆಗೆ ಹಾಕಿ ಬಾಗಿಲು ಎಳೆದುಕೊಂಡು ಹೊರಟರಾಯಿತು. ನಾನು ಆಡುವಾಗ ಅದು ತನ್ನ ಪಾಡಿಗೆ ತಾನು ದುಡಿಯುತ್ತಿರುತ್ತದೆ. ನಿಮ್ಮ ವಿಷಯ ಇತಿಹಾಸವಾಗಲಿ, ಭೂಗೋಳವಾಗಲಿ, ಅದರಲ್ಲೂ ಇಂಥ ಎರಡು ಬಗೆ ಇದ್ದೇ ಇರುತ್ತವೆ. ಹುಡುಕಿ ನೋಡಿ.

ಪೂಜೆಯ ವಿಷಯಕ್ಕೆ ಬರೋಣ. ಅಜ್ಜಿ ಮನೆಯಲ್ಲಿ ಕೂತರೆ ಮುಕ್ಕಾಲು ಗಂಟೆ ಏಳುವುದಿಲ್ಲ. ನನ್ನದು ಹನ್ನೆರಡು ನಿಮಿಷ. ಸ್ನಾನ, ವಿಭೂತಿ, ಎಡಗೈ ಮೇಲೆ ಲಿಂಗ, ಸ್ವಲ್ಪ ನೀರು, ಹಾಸ್ಟೆಲ್ ಹಿಂದಿನ ಮರದ ಒಂದು ಬಿಲ್ವಪತ್ರೆ, ಆಮೇಲೆ ಸುಮ್ನೆ ನೋಡುತ್ತಾ ಕೂರುವುದು. ಕಡಿಮೆಯಾಯಿತಲ್ಲ ಅಂತ ಮೊದಮೊದಲು ಅಳುಕಿತ್ತು. ಅಜ್ಜಿ ಗಡಿಯಾರ ಕೇಳಲೇ ಇಲ್ಲ. ಕೇಳಿದ್ದು ಒಂದೇ. "ಪೂಜೆ ಆಗದೆ ಬಾಯಿಗೇನೂ ಹಾಕ್ಕೋತಿಲ್ಲ ತಾನೆ?" ನಮ್ಮ ಮನೆಯ ಕಟ್ಟು ಅದು. ಪೂಜೆ ಆಗದೆ ತಿಂಡಿ ಇಲ್ಲ, ಕಾಫಿಯೂ ಇಲ್ಲ. ಹಾಸ್ಟೆಲ್ ಮೆಸ್‌ನಲ್ಲಿ ಒಂಬತ್ತಕ್ಕೆ ತಿಂಡಿ ಬಂದ್. ಹಸಿವೇ ಅಲಾರಾಂ ಆಗಿಬಿಟ್ಟರೆ ಮರೆಯುವುದಾದರೂ ಹೇಗೆ? ತಿಂಗಳ ಆ ಮೂರು ದಿನವೂ ಬಿಡುವುದಿಲ್ಲ. ನಮ್ಮಲ್ಲಿ ಸೂತಕ ಇಲ್ಲ ಅನ್ನುತ್ತಾಳೆ ಅಜ್ಜಿ. ಎಲ್ಲ ಮನೆಗಳಲ್ಲೂ ಹೀಗೇ ನಡೆಯುತ್ತದೆ ಅಂತ ಹೇಳಲಾರೆ, ನಮ್ಮ ಮನೆಯಲ್ಲಿ ನಡೆಯುತ್ತದೆ.

ಈಗ ಆಟ. ನನಗೆ ವಿಶ್ವವಿದ್ಯಾಲಯದ ತಂಡಕ್ಕೆ ಆಡುವ ವಯಸ್ಸು ದಾಟಿದೆ. ಕಪ್ಪು, ಸರ್ಟಿಫಿಕೇಟು ಏನೂ ಸಿಗುವುದಿಲ್ಲ. ಹೀಗಿರುವಾಗ ಮೊದಲು ಕತ್ತರಿ ಬೀಳಬೇಕಾದದ್ದು ಇದಕ್ಕೇ ಅಲ್ವಾ? ಬೀಳಲಿಲ್ಲ, ಕಾರಣ ನನ್ನ ಮನೋಬಲವಲ್ಲ, ಖೋ ಖೋದ ಲೆಕ್ಕ. ಚೇಸ್ ಮಾಡುವಾಗ ಎಂಟು ಜನ ಸಾಲಿನಲ್ಲಿ ಒಬ್ಬರು ಆಚೆ ಮುಖ, ಒಬ್ಬರು ಈಚೆ ಮುಖ ಮಾಡಿ ಕೂರಬೇಕು, ಒಬ್ಬರು ಓಡಬೇಕು. ಒಟ್ಟು ಒಂಬತ್ತು. ಐದು ಗಂಟೆಗೆ ಫೋನ್ ಬರುತ್ತದೆ, "ಅಕ್ಕಾ, ಎಂಟೇ ಜನ ಇದ್ದೀವಿ, ಬರ್ತೀರಾ?" ಜಿಮ್ ಆಗಿದ್ದರೆ ಯಾವತ್ತೋ ಬಿಟ್ಟಿರುತ್ತಿದ್ದೆ. ನಾನು ಹೋಗದಿದ್ದರೆ ಟ್ರೆಡ್‌ಮಿಲ್ ಬೇಜಾರು ಮಾಡಿಕೊಳ್ಳುವುದಿಲ್ಲವಲ್ಲ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಫೈನಲ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ನೇಪಾಳವನ್ನು 78-40ರಿಂದ ಸೋಲಿಸಿದರು. ತಂಡದಲ್ಲಿ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು, ಅಂದರೆ ನಮ್ಮ ಪಕ್ಕದ ತಾಲ್ಲೂಕಿನವರು. ಆಮೇಲೆ ಒಂದಷ್ಟು ದಿನ ನನಗೆ ಫೋನೇ ಬರಲಿಲ್ಲ, ಮೈದಾನದ ತುಂಬಾ ಹುಡುಗಿಯರು. ಖುಷಿಯಾಯಿತು, ನಿಜ ಹೇಳಬೇಕೆಂದರೆ ಸ್ವಲ್ಪ ಹೊಟ್ಟೆಯೂ ಉರಿಯಿತು.

ಆಟಕ್ಕೂ ಪೂಜೆಗೂ ನೇರ ಜಗಳ ಬಿದ್ದದ್ದು ಒಂದೇ ಕಡೆ. ಲಿಂಗ ಮೈಬಿಟ್ಟು ಇರಬಾರದು. ನನ್ನದು ಬೆಳ್ಳಿಯ ಕರಡಿಗೆಯಲ್ಲಿ, ಶಿವದಾರದಲ್ಲಿ ಕೊರಳಲ್ಲಿರುತ್ತಿತ್ತು. ಕಂಬದ ಹತ್ತಿರ ಡೈವ್ ಹೊಡೆದರೆ ಎದೆ ಮೊದಲು ನೆಲಕ್ಕೆ. ಒಂದು ಸಲ ಕರಡಿಗೆ ಎದೆಮೂಳೆಗೆ ಒತ್ತಿ ನಾಲ್ಕು ದಿನ ಉಸಿರೆಳೆದರೂ ನೋವು. ಬಿಚ್ಚಿಟ್ಟು ಆಡಲು ಮನಸ್ಸಿಲ್ಲ, ಡೈವ್ ಬಿಡಲೂ ಮನಸ್ಸಿಲ್ಲ. ಅಜ್ಜಿಯೇ ದಾರಿ ಹೇಳಿದಳು. "ಕರಡಿಗೆ ಬಿಡು, ಬಟ್ಟೇಲಿ ಸುತ್ತಿ ರಟ್ಟೆಗೆ ಕಟ್ಕೋ. ನಮ್ಮಪ್ಪ ಹೊಲ ಉಳೋವಾಗ ಹಂಗೇ ಕಟ್ಟಿರೋರು." ಈಗ ಎಡರಟ್ಟೆಗೆ ಲಿಂಗವಸ್ತ್ರ, ಅದರ ಮೇಲೆ ಕ್ರೇಪ್ ಬ್ಯಾಂಡೇಜ್. ಒಂದು ಪಂದ್ಯದಲ್ಲಿ ಅಂಪೈರ್ "ಏನಮ್ಮ, ಪೆಟ್ಟಾ?" ಅಂತ ಕೇಳಿದರು. ವಿಷಯ ಹೇಳಿದೆ. ಗಟ್ಟಿಯಾಗಿದೆಯಾ ಅಂತ ಒಮ್ಮೆ ಎಳೆದು ನೋಡಿ ಬಿಟ್ಟರು.

ಪಾಠದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊದಲ ಸೆಮಿಸ್ಟರ್‌ನಲ್ಲಿ ಒಂದು ಬ್ಯಾಚಿಗೆ ಅರ್ಧ ದಿನ ತಯಾರಿ ಮಾಡುತ್ತಿದ್ದೆ. ಈಗ ಹಿಂದಿನ ದಿನ ಪ್ರಯೋಗವನ್ನು ನಾನೇ ಒಂದು ಸಲ ಮಾಡಿ ನೋಡುತ್ತೇನೆ, ಸಾಕು. ರೆಕಾರ್ಡ್‌ಗೆ ಲ್ಯಾಬಿನಲ್ಲೇ ಸಹಿ ಹಾಕುತ್ತೇನೆ, ಹಾಸ್ಟೆಲ್‌ಗೆ ಹೊತ್ತುಕೊಂಡು ಹೋಗುವುದಿಲ್ಲ. ಇನ್ನೊಂದು ಮಾತು. 2022ರ ಯುಜಿಸಿ ನಿಯಮದಲ್ಲಿ ಪಿಎಚ್‌.ಡಿ. ವಿದ್ಯಾರ್ಥಿಗೆ ವಾರಕ್ಕೆ 4ರಿಂದ 6 ಗಂಟೆ ಬೋಧನೆಯ ಅಥವಾ ಸಂಶೋಧನೆಯ ಸಹಾಯಕ ಕೆಲಸ ಕೊಡಬಹುದು ಅಂತಿದೆ. ನಿಮ್ಮ ತಲೆಗೆ ಅದಕ್ಕಿಂತ ಜಾಸ್ತಿ ಕಟ್ಟಿದ್ದರೆ ಗೈಡ್ ಹತ್ತಿರ ಒಮ್ಮೆ ಮಾತಾಡಿ.

ಇಷ್ಟು ಓದಿ ಇವಳೇನೋ ಭಾರಿ ಜಾಣೆ ಅಂದುಕೊಳ್ಳಬೇಡಿ. 2025ರ ಶಿವರಾತ್ರಿ ವಾರ ಹೇಳುತ್ತೇನೆ ಕೇಳಿ.

ಶಿವರಾತ್ರಿ ಫೆಬ್ರುವರಿ 26, ಬುಧವಾರ. ಶುಕ್ರವಾರ ನನ್ನ ಸಲಹಾ ಸಮಿತಿಯ ಸಭೆ. ಸೆಮಿಸ್ಟರಿಗೊಮ್ಮೆ ಏನು ಮಾಡಿದೆ ಅಂತ ಅವರ ಮುಂದೆ ಹೇಳಬೇಕು. ಹೊಸ ಕಾಂಪೌಂಡಿನ ಎನ್‌ಎಂಆರ್ (ಅದರ ರಚನೆ ಹೇಳುವ ಪರೀಕ್ಷೆ) ತೋರಿಸಬೇಕೆಂಬ ಹಟ ನನ್ನದು, ಯಾರೂ ಕೇಳಿರಲಿಲ್ಲ. ಬುಧವಾರ ರಜ. ಬೆಳಿಗ್ಗೆ ಉಪವಾಸದಲ್ಲೇ ಕಾಲಂ ಹಾಕಿದೆ, ಹನ್ನೆರಡಕ್ಕೆ ಮುಗಿದೀತು ಅಂತ. ನಾಲ್ಕಾಯಿತು. 38 ಟೆಸ್ಟ್‌ಟ್ಯೂಬಿನ ಬಾಯಿಗೆ ಫಾಯಿಲ್ ಮುಚ್ಚಿಟ್ಟು ಬಸ್ ಹತ್ತಿದೆ. ಊರಲ್ಲಿ ರಾತ್ರಿಯಿಡೀ ಭಜನೆ, ನಾಲ್ಕು ಯಾಮದ ಪೂಜೆ. ನಾಲ್ಕಕ್ಕೂ ಕೂತೆ. ಬೆಳಗಿನ ಮೊದಲ ಬಸ್ಸಿಗೆ ಮೈಸೂರಿಗೆ ವಾಪಸ್.

ಗುರುವಾರ ಒಂಬತ್ತಕ್ಕೆ ಲ್ಯಾಬಿನಲ್ಲಿದ್ದೆ. ಟಿಎಲ್‌ಸಿ ಪ್ಲೇಟಿನ ಮೇಲೆ, ಅಂದರೆ ಯಾವ ಟ್ಯೂಬಿನಲ್ಲಿ ಏನಿದೆ ಅಂತ ತೋರಿಸುವ ಸಣ್ಣ ಪಟ್ಟಿಯ ಮೇಲೆ, ಚುಕ್ಕೆ ಇಟ್ಟು ಯುವಿ ದೀಪದ ಕೆಳಗೆ ನೋಡಿದೆ. 14ರಿಂದ 22ರವರೆಗೆ ನನಗೆ ಬೇಕಾದ ಕಾಂಪೌಂಡ್, ಶುದ್ಧ. 23ರಿಂದ ಕೆಳಗೊಂದು ಬೇರೆ ಚುಕ್ಕೆ ಶುರು. ನೋಟ್‌ಬುಕ್‌ನಲ್ಲಿ "14-22" ಅಂತ ಸರಿಯಾಗಿಯೇ ಬರೆದಿದ್ದೇನೆ, ಈಗಲೂ ಇದೆ. ಕೈ ಮಾತ್ರ 32ರವರೆಗೆ ಫ್ಲಾಸ್ಕಿಗೆ ಸುರಿಯಿತು. ಗೊತ್ತಾದದ್ದು ಆಮೇಲೆ, ಫ್ಲಾಸ್ಕಿನದ್ದೇ ಒಂದು ಹನಿ ಪ್ಲೇಟಿಗೆ ಹಾಕಿ ನೋಡಿದಾಗ. ಎರಡು ಚುಕ್ಕೆ. ಒಂದರ ಕೆಳಗೊಂದು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿವೆ.

ಕಾಂಪೌಂಡ್ ಹಾಳಾಗಿರಲಿಲ್ಲ, ಮತ್ತೆ ಕಾಲಂ ಹಾಕಿದರೆ ಸಿಗುತ್ತಿತ್ತು. ಶುಕ್ರವಾರಕ್ಕೆ ಮಾತ್ರ ಸಿಗುತ್ತಿರಲಿಲ್ಲ. ಅಳು ತಡೆದುಕೊಂಡು ಗೈಡ್ ಹತ್ತಿರ ಹೋದೆ. ಅವರು ಪ್ಲೇಟ್ ನೋಡಿದರು, ನನ್ನ ಕಣ್ಣು ನೋಡಿದರು. "ಜಾಗರಣೆ ಮಾಡಿದ್ಮೇಲೆ ಮಲ್ಕೋಬೇಕು ಕಣಮ್ಮ, ಫ್ರಾಕ್ಷನ್ ಸೇರಿಸಬಾರ್ದು" ಅಂದರು. ಎರಡು ಗಂಟೆಗೆ ಎಂ.ಎಸ್ಸಿ. ಬ್ಯಾಚ್ ಬೇರೆ. ಏನು ಪಾಠ ಮಾಡಿದೆನೋ ನೆನಪಿಲ್ಲ. ಸಂಜೆ ಹುಡುಗಿಯರಿಗೆ ಬರಲ್ಲ ಅಂತ ಮೆಸೇಜ್ ಹಾಕಿ ಆರಕ್ಕೆ ಮಲಗಿದವಳು ಎದ್ದದ್ದು ಬೆಳಿಗ್ಗೆ ಐದಕ್ಕೆ. ಶುಕ್ರವಾರದ ಸಭೆಯಲ್ಲಿ ಎನ್‌ಎಂಆರ್ ಇಲ್ಲ, ಮುಂದಿನ ಸಲ ತೋರಿಸುತ್ತೇನೆ ಅಂದೆ. "ಆಯ್ತು, ಮುಂದಿನ ಸ್ಲೈಡ್" ಅಂದರು. ಅಷ್ಟೇ.

ಅಜ್ಜಿಗೆ ಫೋನಿನಲ್ಲಿ ಹೇಳಿದರೆ ನಕ್ಕಳು. "ನಾಲ್ಕೂ ಯಾಮ ಕೂತ್ಕೋ ಅಂತ ನಿಂಗ್ಯಾರು ಹೇಳಿದ್ರು? ಸಣ್ಣೋಳಿದ್ದಾಗ ನಾನು ಎರಡನೇ ಯಾಮಕ್ಕೇ ಕಂಬಕ್ಕೆ ಒರಗಿ ಗೊರಕೆ ಹೊಡೀತಿದ್ದೆ." ಇಷ್ಟು ವರ್ಷ ಇದನ್ನು ಯಾಕೆ ಹೇಳಲಿಲ್ಲವೋ! ಆವತ್ತಿನಿಂದ ಕ್ಯಾಲೆಂಡರ್‌ನಲ್ಲಿ ಹಬ್ಬಕ್ಕೆ ಗುರುತು ಹಾಕುವಾಗ ಮಾರನೇ ದಿನಕ್ಕೂ ಹಾಕುತ್ತೇನೆ. ಆ ದಿನ ಪಾಠ ಮಾತ್ರ, ಲ್ಯಾಬಿನಲ್ಲಿ ಗಾಜು ಮುಟ್ಟುವುದಿಲ್ಲ.

ಇದರಲ್ಲೆಲ್ಲ ಸೊರಗುತ್ತಿರುವುದು ಓದು. ಪೇಪರ್‌ಗಳನ್ನು ಡೌನ್‌ಲೋಡ್ ಮಾಡಿ ಗುಡ್ಡೆ ಹಾಕಿದ್ದೇನೆ. ಓದು ತುಂಬಾ ಒಳ್ಳೆಯದು, ಎಷ್ಟು ದಿನ ಬೇಕಾದರೂ ಕಾಯುತ್ತದೆ, ಅದೇ ಅದರ ಕಷ್ಟ. ಈಚೆಗೆ ಭಾನುವಾರ ಬಟ್ಟೆ ಒಗೆದು ಒಣಹಾಕಿ, ಒಣಗುವವರೆಗೆ ಟೆರೇಸಿನಲ್ಲೇ ಕೂತು ಎರಡು ಓದುತ್ತೇನೆ. ಮಳೆಗಾಲದಲ್ಲಿ ಏನು ಮಾಡಬೇಕೋ ಇನ್ನೂ ಯೋಚಿಸಿಲ್ಲ.

ನಿಮ್ಮ ಪ್ರಾರ್ಥನೆ ಯಾವ ಬಗೆಯದು ಅಂತ ನೀವು ಬರೆದಿಲ್ಲ. ಯಾವುದಾದರೂ ಸರಿ, ನಿಮ್ಮ ಬೆಳಗಿನ ಕಾಫಿಗೆ ಅದನ್ನು ಗಂಟು ಹಾಕಿ ಒಂದು ವಾರ ನೋಡಿ. ವಾಲಿಬಾಲ್‌ಗೆ ಆರು ಜನ ಬೇಕು. ನಿಮ್ಮ ಹಳೇ ತಂಡದಲ್ಲಿ ಈಗ ಎಷ್ಟು ಜನ ಇದ್ದಾರೆ ಅಂತ ಫೋನ್ ಮಾಡಿ ಕೇಳಿ. ಐದು ಅಂದರೆ ನಿಮ್ಮ ಅದೃಷ್ಟ.

ಇವತ್ತು ಗುರುವಾರ, ಗಂಟೆ ಒಂದೂವರೆ. ಬ್ಯಾಚಿಗೆ ಬೈಕಾರ್ಬೊನೇಟ್ ದ್ರಾವಣ ಇನ್ನೂ ಮಾಡಿಟ್ಟಿಲ್ಲ. ಬರುತ್ತೇನೆ.