ಗುಂಪಿನಲ್ಲಿ ಕೂತರೆ ನೋವು ಜಾಸ್ತಿ ಆಗೋದಿಲ್ವಾ?

ಪ್ರಶ್ನೆ: ಮೇಡಂ, 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ಗುಡ್ಡ ಜಾರಿದಾಗ ನಮ್ಮ ಮನೆ, ಕಾಫಿ ತೋಟ ಎರಡೂ ಹೋದವು. ಮನೆಯ ನಾಲ್ಕೂ ಜನ ಓಡಿ ಉಳಿದೆವು. ಕೊಟ್ಟಿಗೆಯಲ್ಲಿದ್ದ ಹಸುವಿನ ಹಗ್ಗ ಬಿಚ್ಚಲು ನನಗೆ ಆಗಲಿಲ್ಲ. ಈಗ ಬೇರೆ ಕಡೆ ಮನೆ ಸಿಕ್ಕಿದೆ. ಆದರೆ ಜೂನ್ ಬಂತೆಂದರೆ ರಾತ್ರಿ ನಿದ್ದೆ ಇಲ್ಲ, ಹಸು ಕೂಗಿದ ಹಾಗೆ ಆಗುತ್ತದೆ. ಡಾಕ್ಟರು ಗುಂಪು ಚಿಕಿತ್ಸೆಗೆ ಹೋಗಿ ಅಂತಾರೆ. ಅಲ್ಲಿ ಮನೆಯವರನ್ನೇ ಕಳೆದುಕೊಂಡವರು ಇರುತ್ತಾರೆ. ಅವರ ಮುಂದೆ ಹಸುವಿನ ವಿಷಯ ಹೇಗೆ ಹೇಳಲಿ? ಅವರ ಕಥೆ ಕೇಳಿ ನನಗೇ ಜಾಸ್ತಿ ಆದರೆ? ಊರಲ್ಲಿ ಸುದ್ದಿಯಾದರೆ?
– ಹೆಸರು ಬೇಡ, ಕೊಡಗು

ಉತ್ತರ: ಹಸುವಿನಿಂದಲೇ ಶುರು ಮಾಡೋಣ. ನಿಮ್ಮ ಕಾಗದದಲ್ಲಿ ಮನೆ, ತೋಟಕ್ಕೆ ಒಂದೇ ಸಾಲು. ಹಸುವಿಗೆ ಮೂರು. ನಿಮಗೆ ಭಾರ ಎಲ್ಲಿದೆ ಅಂತ ನೀವೇ ಬರೆದು ಕಳಿಸಿದ್ದೀರಿ.

ನಾನು ನಡೆಸಿದ ಪ್ರತಿ ಗುಂಪಿನಲ್ಲೂ ‘ನಂದೇನು ದೊಡ್ಡದಲ್ಲ ಬಿಡಿ’ ಅನ್ನುವವರು ಇದ್ದೇ ಇರುತ್ತಿದ್ದರು. ಮಗನನ್ನು ಕಳೆದುಕೊಂಡ ತಾಯಿಯೂ ಹಾಗೇ ಅಂದಿದ್ದರು, ಪಕ್ಕದಲ್ಲಿ ಕೂತವರ ಮನೆಯಲ್ಲಿ ಎರಡು ಸಾವು ಅಂತ. ಆ ಪಕ್ಕದವರನ್ನು ಕೇಳಿದರೆ, ‘ನನಗೆ ಮನೆಯಾದರೂ ಉಳಿದಿದೆ’ ಅಂದರು. ಎಲ್ಲರ ಕೈಯಲ್ಲೂ ಒಂದೊಂದು ತಕ್ಕಡಿ. ಎಲ್ಲರೂ ತಮ್ಮದನ್ನೇ ಕಡಿಮೆ ತೂಗುವವರು!

ಇದು ನಮ್ಮೂರಿನದಷ್ಟೇ ಅಲ್ಲ. 1970ರ ಸುಮಾರಿಗೆ ನ್ಯೂಯಾರ್ಕ್‌ನಲ್ಲಿ, ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದ ಸೈನಿಕರು ತಾವೇ ಸೇರಿ ಮಾತಾಡಲು ಕೂತರು. ರಾಬರ್ಟ್ ಜೇ ಲಿಫ್ಟನ್, ಚೈಮ್ ಶಾಟನ್ ಎಂಬ ಇಬ್ಬರು ಮನೋವೈದ್ಯರು ಹೋಗಿ ಅವರ ಜೊತೆ ಕೂತರು. ಮೇಜಿನ ಆಚೆ ಅಲ್ಲ, ಅದೇ ವೃತ್ತದಲ್ಲಿ. ಅಲ್ಲಿ ಮತ್ತೆ ಮತ್ತೆ ಬಂದ ಮಾತು, ‘ಅವನು ಹೋದ, ನಾನ್ಯಾಕೆ ಉಳಿದೆ?’ ಎಂಬುದು. ದೊಡ್ಡ ಆಘಾತ ಕಳೆದ ಮೇಲೂ ಬಿಡದೆ ಕಾಡುವ ಮಾನಸಿಕ ತೊಂದರೆಗೆ ಇಟ್ಟ ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು ಅದಾದ ಮೇಲೆ, 1980ರಲ್ಲಿ. ನಿಮ್ಮ ಹಗ್ಗದ ವಿಷಯವೂ ಇದೇ ಜಾತಿಯದು. ನೀವು ಓಡಿದ್ದು ತಪ್ಪಲ್ಲ ಅಂತ ನಾನು ಇಲ್ಲಿ ನೂರು ಸಲ ಬರೆಯಬಹುದು, ನಿಮಗೆ ತಾಗುವುದಿಲ್ಲ. ತಾನೂ ಓಡಿದ ಇನ್ನೊಬ್ಬರು ಹೇಳಿದರೆ ತಾಗುತ್ತದೆ. ಒಬ್ಬರೇ ಡಾಕ್ಟರ ಮುಂದೆ ಕೂತಾಗ ಸಿಗದ ವಸ್ತು ಇದು.

ಇನ್ನು, ಕೇಳಿ ಜಾಸ್ತಿ ಆಗುತ್ತದಾ ಅಂದಿರಿ. ಬೇಕಾಬಿಟ್ಟಿ ನಡೆಸಿದರೆ ಆಗುತ್ತದೆ. ಸರಿಯಾಗಿ ನಡೆಸುವ ಗುಂಪಿನಲ್ಲಿ ಮೊದಲ ಕೆಲವು ವಾರ ‘ಏನಾಯಿತು?’ ಅಂತ ಕೇಳುವುದೇ ಇಲ್ಲ. ಜುಡಿತ್ ಹರ್ಮನ್ ಎಂಬ ಅಮೆರಿಕದ ಮನೋವೈದ್ಯೆ ಇದಕ್ಕೆ ಮೂರು ಹಂತ ಹೇಳಿದ್ದಾರೆ: ಮೊದಲು ಸುರಕ್ಷತೆ, ಆಮೇಲೆ ನೆನಪು ಮತ್ತು ಅಳು, ಆಮೇಲೆ ಮತ್ತೆ ಜನರ ಜೊತೆ ಬದುಕು. ನಾವು ಶುರುವಿನಲ್ಲಿ ಮಾತಾಡುತ್ತಿದ್ದದ್ದು ನಿದ್ದೆ, ಊಟ, ಮಳೆಯ ಬಗ್ಗೆ. ಶೀಟಿನ ಮೇಲೆ ಮಳೆ ಜೋರಾದರೆ ಮಾತು ತಾನಾಗಿ ನಿಲ್ಲುತ್ತಿತ್ತು. ಆಗ ಪಾದ ನೆಲಕ್ಕೆ ಒತ್ತಿ, ಕೋಣೆಯಲ್ಲಿ ಕಾಣುವ ಐದು ವಸ್ತು ಹೆಸರಿಸಿ ಅನ್ನುತ್ತಿದ್ದೆ. ಕ್ಯಾಲೆಂಡರು, ಫ್ಯಾನು, ಕೊಡೆ... ಮಕ್ಕಳಾಟದ ಹಾಗೆ ಕಾಣುತ್ತದೆ. ಆದರೆ ‘ಈಗ’ ಎಲ್ಲಿದ್ದೇವೆ ಅಂತ ಮೈಗೆ ತಿಳಿಯುತ್ತದೆ.

ಒಂದು ದಿನ ನೆನಪಾಗುತ್ತದೆ. ಒಬ್ಬರು ಪ್ರತಿ ವಾರ ವ್ಯಾನಿಟಿ ಬ್ಯಾಗನ್ನು ಮಡಿಲಲ್ಲೇ ಇಟ್ಟುಕೊಂಡು ಕೂರುತ್ತಿದ್ದರು. ನಾಲ್ಕನೇ ವಾರ ಸ್ವಲ್ಪ ನಾಚಿಕೆಯಿಂದ ತೆರೆದು ತೋರಿಸಿದರು. ಪಹಣಿ, ಆಧಾರ್, ರೇಷನ್ ಕಾರ್ಡ್, ಮಗಳ ಮಾರ್ಕ್ಸ್ ಕಾರ್ಡ್, ಎಲ್ಲಾ ಎರಡು ಪದರ ಪ್ಲಾಸ್ಟಿಕ್ ಕವರಿನಲ್ಲಿ. ಬಚ್ಚಲಿಗೆ ಹೋದರೂ ಬಾಗಿಲ ಹತ್ತಿರ ಇಟ್ಟುಕೊಳ್ಳುತ್ತೇನೆ ಅಂದರು. ಯಾರೂ ಮಾತಾಡಲಿಲ್ಲ. ಎದುರಿಗಿದ್ದ ಹಿರಿಯರೊಬ್ಬರು ಜುಬ್ಬಾ ಒಳಗೆ ಕೈ ಹಾಕಿ ತಮ್ಮ ಕವರ್ ತೆಗೆದರು. ಆಮೇಲೆ ಇನ್ನೊಬ್ಬರು. ಎಂಟು ಜನರಲ್ಲಿ ಐದು ಕವರ್. ಮೊದಲು ನಕ್ಕವರು ಯಾರೋ ಗೊತ್ತಿಲ್ಲ, ನಗು ಮಾತ್ರ ಎಲ್ಲರಿಗೂ ಬಂತು. ಅವತ್ತಿನವರೆಗೆ ಆ ಕೋಣೆಯಲ್ಲಿ ನಗು ಇರಲಿಲ್ಲ.

ಊರಿನ ಸುದ್ದಿ ವಿಷಯ. ಇಲ್ಲಿ ಸುಳ್ಳು ಭರವಸೆ ಕೊಡಲಾರೆ. ಡಾಕ್ಟರು, ಕೌನ್ಸೆಲರ್ ಗುಟ್ಟು ಕಾಯಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಪಕ್ಕದ ಕುರ್ಚಿಯವರನ್ನು ಕಟ್ಟಿಹಾಕುವುದು ಅವರು ಕೊಟ್ಟ ಮಾತು ಮಾತ್ರ. ಗುಂಪಿನಲ್ಲಿ ನೆಂಟರೋ ಅಕ್ಕಪಕ್ಕದ ಮನೆಯವರೋ ಇದ್ದರೆ ಬೇರೆ ತಾಲ್ಲೂಕಿನ ಗುಂಪು ಕೇಳಿ. ಬಸ್ ಚಾರ್ಜು ಹೋದರೂ ಪರವಾಗಿಲ್ಲ.

ಸೇರುವ ಮೊದಲು ನಡೆಸುವವರ ಜೊತೆ ಒಂದು ಸಲ ಒಬ್ಬರೇ ಮಾತಾಡಿ. ಎಷ್ಟು ಜನ, ಪ್ರತಿ ವಾರ ಅದೇ ಜನವಾ, ಮಧ್ಯೆ ಎದ್ದು ಹೊರಗೆ ಹೋಗಬಹುದಾ, ಸುಮ್ನೆ ಕೂರಬಹುದಾ ಅಂತ ಕೇಳಿ. ‘ಎಲ್ಲರೂ ಹೇಳಲೇಬೇಕು’ ಅಂದರೆ ಚಪ್ಪಲಿ ಹಾಕಿಕೊಂಡು ವಾಪಸ್ ಬನ್ನಿ. ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಅದನ್ನು ಅವತ್ತೇ ಹೇಳಿ. ಆಗ ಗುಂಪಿಗಿಂತ ಮೊದಲು ಒಬ್ಬರೇ ನೋಡಿಸಿಕೊಳ್ಳಬೇಕು.

ಅಳು ಬಂದಾಗ ಬಾಯಿಗೆ ಕನ್ನಡ ಬರದೆ ಅರೆಭಾಷೆಯೋ ಕೊಡವ ತಕ್ಕೋ ಬಂದರೆ ಅದರಲ್ಲೇ ಹೇಳಿ. ಯಾರೂ ಅರ್ಥ ಕೇಳುವುದಿಲ್ಲ.

ಪ್ರಶ್ನೆ: ನಾನು ಕೌನ್ಸೆಲರ್, ಹೊಸಬಳು. ಮನೆಯಲ್ಲಿ ಹಿಂಸೆ ಅನುಭವಿಸಿ ಹೊರಬಂದ ಮಹಿಳೆಯರ ಗುಂಪು ಶುರು ಮಾಡಿದೆ. ಮೊದಲ ದಿನವೇ ಒಬ್ಬರು ಮುಕ್ಕಾಲು ಗಂಟೆ ಎಲ್ಲವನ್ನೂ ಹೇಳಿಕೊಂಡು ಅತ್ತರು. ತುಂಬಾ ಒಳ್ಳೆಯ ಆರಂಭ ಅಂದುಕೊಂಡೆ. ಮುಂದಿನ ವಾರ ಅವರು ಬರಲಿಲ್ಲ, ಇನ್ನಿಬ್ಬರೂ ಬರಲಿಲ್ಲ. ಏನು ತಪ್ಪಾಯಿತು?
– ಶಿವಮೊಗ್ಗ ಜಿಲ್ಲೆ

ಉತ್ತರ: ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ನನ್ನ ಮೊದಲ ಗುಂಪಿನ ಎರಡನೇ ವಾರ ಮೂರು ಕುರ್ಚಿ ಖಾಲಿ. ಅವತ್ತು ಅವುಗಳನ್ನು ಎತ್ತಿ ಗೋಡೆಗೆ ಒರಗಿಸಿಟ್ಟೆ. ಅದು ಇನ್ನೊಂದು ತಪ್ಪು. ಬಾರದವರ ಕುರ್ಚಿ ವೃತ್ತದಲ್ಲೇ ಇರಬೇಕಿತ್ತು.

ಎಲ್ಲ ಹೇಳಿಕೊಂಡವರಿಗೆ ಮನೆಗೆ ಹೋದ ಮೇಲೆ ಮೈಮೇಲೆ ಬಟ್ಟೆ ಇಲ್ಲದ ಹಾಗೆ ಆಗುತ್ತದೆ. ಕೇಳಿದವರಿಗೆ ತಮ್ಮದು ಕೆದಕಿರುತ್ತದೆ. ನಮಗೆ ಮಾತ್ರ, ‘ಆಹಾ, ಗುಂಪು ಬಿಚ್ಚಿಕೊಂಡಿತು’ ಅನ್ನಿಸುತ್ತದೆ! ಘಟನೆ ಆದ ಕೂಡಲೇ ಜನರನ್ನು ಕೂರಿಸಿ ಒಂದೇ ಸಲಕ್ಕೆ ಎಲ್ಲ ಹೇಳಿಸುವ ಪದ್ಧತಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ. ನಿಮ್ಮದು ಅದೇ ಅಲ್ಲ, ಆದರೆ ಅವಸರ ಎರಡರಲ್ಲೂ ಒಂದೇ.

ಆಮೇಲಾಮೇಲೆ ನಾನು ಪೇಪರಿನ ಲೆಕ್ಕ ಹಿಡಿದೆ: ‘ಇವತ್ತಿಗೆ ತಲೆಬರಹ ಮಾತ್ರ ಹೇಳಿ, ಒಳಗಿನ ಸುದ್ದಿ ಆಮೇಲೆ ಓದೋಣ.’ ಹಾಗಂದರೆ ಯಾರಿಗೂ ಬಾಯಿ ಮುಚ್ಚಿಸಿದ ಹಾಗೆ ಆಗುವುದಿಲ್ಲ. ಆದರೂ ಯಾರಾದರೂ ಒಳಗೆ ಇಳಿದುಬಿಟ್ಟರೆ, ಹೆಸರು ಹಿಡಿದು ಕರೆದು, ಇವರನ್ನೆಲ್ಲ ಒಂದು ಸಲ ನೋಡಿ ಅನ್ನಿ. ತಲೆ ಎತ್ತಿದರೆ ಅರ್ಧ ವಾಪಸ್ ಬಂದ ಹಾಗೆ. ಕೊನೆಯ ಇಪ್ಪತ್ತು ನಿಮಿಷ ಹೊಸ ಕಥೆ ತೆಗೆಯಬೇಡಿ. ಮನೆಗೆ ಹೇಗೆ ಹೋಗುತ್ತೀರಿ, ರಾತ್ರಿ ಜೊತೆಗೆ ಯಾರಿರುತ್ತಾರೆ, ಅಷ್ಟೇ ಮಾತು.

ಒಬ್ಬರೇ ನಡೆಸಬೇಡಿ, ಇಬ್ಬರು ಇರಬೇಕು. ಒಬ್ಬರು ಮಾತಾಡುವವರನ್ನು ನೋಡಿದರೆ ಇನ್ನೊಬ್ಬರು ಕೇಳುವವರನ್ನು ನೋಡುತ್ತಾರೆ. ನಿಮಗೂ ಒಬ್ಬ ಹಿರಿಯರು ಬೇಕು, ತಿಂಗಳಿಗೊಮ್ಮೆಯಾದರೂ ಹೋಗಿ ಹೇಳಿಕೊಳ್ಳಲು.

ಮೂವರಿಗೂ ಫೋನ್ ಮಾಡಿ. ಯಾಕೆ ಬರಲಿಲ್ಲ ಅಂತ ಕೇಳಬೇಡಿ. ನಿಮ್ಮ ಕುರ್ಚಿ ಇದೆ, ಬಂದರೆ ಹೇಳಲೇಬೇಕು ಅಂತಿಲ್ಲ ಅನ್ನಿ. ಆದರೆ ಮೊದಲು ಅವರು ಎಲ್ಲಿದ್ದಾರೆ, ಫೋನ್ ಯಾರು ಎತ್ತಬಹುದು ಅಂತ ಯೋಚಿಸಿ. ಗಂಡನ ಮನೆಗೆ ವಾಪಸ್ ಹೋಗಿದ್ದರೆ ನಿಮ್ಮ ಒಂದು ಕಾಲ್ ಸಾಕು ಹೊಡೆತ ಬೀಳಲು.

ಪ್ರಶ್ನೆ: ಹೆಂಡತಿ ಒಂದೂವರೆ ತಿಂಗಳಿಂದ ಗುರುವಾರ ಗುರುವಾರ ಇಂಥ ಗುಂಪಿಗೆ ಹೋಗುತ್ತಾಳೆ. ಕಣ್ಣು ಕೆಂಪು ಮಾಡಿಕೊಂಡು ಬರುತ್ತಾಳೆ. ಏನಾಯಿತು ಅಂದರೆ ಏನಿಲ್ಲ ಅಂತಾಳೆ. ನಿಲ್ಲಿಸಲೇ?
– ಹುಬ್ಬಳ್ಳಿ

ಉತ್ತರ: ಬೇಡ. ಶುಕ್ರವಾರ, ಶನಿವಾರದ ಹೊತ್ತಿಗೆ ಊಟ ನಿದ್ದೆ ಸರಿಹೋಗುತ್ತಿದೆಯಾ ನೋಡಿ. ಹೋಗುತ್ತಿದ್ದರೆ ಚಿಂತೆ ಇಲ್ಲ. ವಾರ ಪೂರ್ತಿ ಹಾಗೇ ಇದ್ದರೆ ಗುಂಪು ನಡೆಸುವವರಿಗೆ ಹೇಳಲು ಹೆಂಡತಿಗೇ ನೆನಪಿಸಿ, ನೀವು ಹಿಂದಿನಿಂದ ಫೋನ್ ಮಾಡಬೇಡಿ. ಬದುಕು ಬೇಡ ಅನ್ನುವಂಥ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ, 14416ಕ್ಕೆ ಕರೆ ಮಾಡಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ ಅದು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಗುಂಪಿನೊಳಗೆ ಏನಾಯಿತು ಅಂತ ಮಾತ್ರ ಕೇಳಬೇಡಿ. ಅಲ್ಲಿನ ಮಾತು ಅಲ್ಲೇ ಬಿಟ್ಟು ಬರುತ್ತೇನೆ ಅಂತ ಅವರು ಮಾತು ಕೊಟ್ಟಿರುತ್ತಾರೆ. ಗುರುವಾರ ಸಂಜೆ ಅಡುಗೆ ನೀವು ಮಾಡಿ. ಅನ್ನ, ಸಾರು ಸಾಕು.