ಬರೀ ಕಲ್ಲು ನೋಡೋಕೆ ಅಷ್ಟು ದೂರ ಯಾಕೆ?

ಮೇಡಂ, ನಿಮ್ಮ ಪತ್ರ ಓದಿ ನಕ್ಕೆ. ಅದರಲ್ಲೂ ನಿಮ್ಮ ಯಜಮಾನರ ಮಾತಿಗೆ. ಬೇರೆ ಓದುಗರಿಗೂ ವಿಷಯ ಗೊತ್ತಾಗಲಿ ಅಂತ ಚಿಕ್ಕದಾಗಿ ಹೇಳಿಬಿಡುತ್ತೇನೆ. ಇವರ ಮಗಳು ಮೇ ತಿಂಗಳಲ್ಲಿ ಅಪ್ಪ ಅಮ್ಮನನ್ನು ಗ್ರೀಸಿಗೆ ಕರೆದುಕೊಂಡು ಹೋಗುತ್ತಾಳೆ, ಅಥೆನ್ಸ್ ಮುಗಿದ ಮೇಲೆ ನಾಲ್ಕು ದಿನ ಉಳಿಯುತ್ತದೆ. ನಮ್ಮ ಪ್ರವಾಸ ಸಂಚಿಕೆಯಲ್ಲಿ ಟೊಲೊ ಅನ್ನುವ ಸಮುದ್ರದಂಡೆಯ ಊರಿನ ಬಗ್ಗೆ ಎರಡು ಸಾಲು ಬಂದಿತ್ತು. ಅಲ್ಲಿ ಉಳಿದುಕೊಂಡು ಸುತ್ತಲಿನ ಹಳೆಯ ಜಾಗಗಳನ್ನೆಲ್ಲ ಎರಡೇ ದಿನದಲ್ಲಿ ಮುಗಿಸಬಹುದಾ, ಮಂಡಿ ನೋವಿದ್ದರೆ ಆಗುತ್ತಾ ಅಂತ ಇವರ ಪ್ರಶ್ನೆ. ಯಜಮಾನರದ್ದು ಒಂದೇ: "ಬರೀ ಕಲ್ಲು ನೋಡೋಕೆ ಅಷ್ಟು ದೂರ ಯಾಕೆ?"

ಮುಗಿಸಬಹುದು ಮೇಡಂ. ಆದರೆ ದಯವಿಟ್ಟು ಮುಗಿಸಬೇಡಿ. ಒಂದೇ ದಿನದಲ್ಲಿ ನಾಲ್ಕು ಜಾಗ ಓಡಾಡಿ, ರಾತ್ರಿ ಫೋನ್ ತೆಗೆದು ನೋಡಿದರೆ ಯಾವ ಗೋಡೆ ಯಾವ ಊರಿನದು ಅಂತ ತಿಳಿಯದೆ ತಲೆ ಕೆರೆದುಕೊಂಡವರಲ್ಲಿ ನಾನೂ ಒಬ್ಬ. ನಾಲ್ಕು ದಿನವೂ ಟೊಲೊದಲ್ಲೇ ಇರಿ. ದಿನಕ್ಕೆ ಒಂದು ಜಾಗ, ಅದೂ ಬೆಳಗ್ಗೆ. ಮಧ್ಯಾಹ್ನ ಸಮುದ್ರದ ಮುಂದೆ ಸುಮ್ನೆ ಕೂತ್ಕೊಳ್ಳಿ.

ಊರು ಅಂದರೆ ಒಂದು ಉದ್ದನೆಯ ಮರಳದಂಡೆ, ಎದುರಿಗೆ ನೀರಿನಲ್ಲಿ ಪುಟ್ಟ ದ್ವೀಪಗಳು. 1834ರ ಸುಮಾರಿಗೆ ಕ್ರೀಟ್ ದ್ವೀಪದಿಂದ ನಿರಾಶ್ರಿತರಾಗಿ ಬಂದವರು ನೆಲೆನಿಂತ ಜಾಗ ಇದು. ಮೂರು ಸಾವಿರ ವರ್ಷ ದಾಟಿದ ನೆರೆಹೊರೆಯ ಮಧ್ಯೆ ಇನ್ನೂ ಕೂಸು!

ಮೊದಲ ದಿನ ಎಲ್ಲಿಗೂ ಬಸ್ಸು ಹಿಡಿಯಬೇಡಿ. ದಂಡೆಯ ತುದಿಯ ಕಡೆ ನಡೆದರೆ ಸಮುದ್ರದೊಳಕ್ಕೆ ಚಾಚಿದ ಬಂಡೆಗುಡ್ಡ ಸಿಗುತ್ತದೆ. ಅದೇ ಅಸಿನಿ. ಟ್ರಾಯ್ ಯುದ್ಧಕ್ಕೆ ಹಡಗು ಕಳಿಸಿದ ಊರುಗಳ ಪಟ್ಟಿಯಲ್ಲಿ ಗ್ರೀಕ್ ಕವಿ ಹೋಮರ್ ಇದರ ಹೆಸರನ್ನೂ ಹೇಳಿದ್ದಾನೆ. 1922ರಲ್ಲಿ ಸ್ವೀಡನ್ ದೇಶದವರು ಇಲ್ಲಿ ಅಗೆಯಲು ಶುರುಮಾಡಿದರು. ಅವರ ಯುವರಾಜ, ಮುಂದೆ ರಾಜನಾದ ಗುಸ್ತಾಫ್ ಅಡಾಲ್ಫ್, ತಾನೂ ಬಂದು ಮಣ್ಣಿನಲ್ಲಿ ಕೂತು ಕೆಲಸ ಮಾಡಿದ್ದನಂತೆ. ಇಲ್ಲಿ ನನಗೆ ಹಿಡಿಸಿದ್ದು ಬೇರೆ. ಎರಡು ಸಾವಿರ ವರ್ಷಕ್ಕೂ ಹಳೆಯ ಕೋಟೆಗೋಡೆ ಇರುವ ಅದೇ ಗುಡ್ಡದಲ್ಲಿ, ಎರಡನೇ ಮಹಾಯುದ್ಧದಲ್ಲಿ ಇಟಲಿಯ ಸೈನಿಕರು ತಮ್ಮ ಕಾವಲಿಗೂ ಕಟ್ಟಡ ಕಟ್ಟಿಕೊಂಡಿದ್ದಾರೆ. ಸಮುದ್ರದ ಮೇಲೆ ಕಣ್ಣಿಡಬೇಕಾದವನು ಯಾವ ಕಾಲದವನಾದರೂ ಬಂದು ನಿಲ್ಲುವುದು ಆ ಬಂಡೆಯ ಮೇಲೇ. ಈ ಗುಡ್ಡವನ್ನು ಯಜಮಾನರಿಗೆ ಮೊದಲು ತೋರಿಸಿ.

ಎರಡನೇ ದಿನಕ್ಕೆ ಎಲ್ಲರೂ ಮೈಸೀನಿ ಅನ್ನುತ್ತಾರೆ, ನಾನು ಟಿರಿನ್ಸ್ ಅನ್ನುತ್ತೇನೆ. ಎರಡೂ ಮೂರು ಸಾವಿರ ವರ್ಷ ದಾಟಿದ ಕೋಟೆಗಳು. ಟಿರಿನ್ಸ್‌ನಲ್ಲಿ ಜನ ಕಡಿಮೆ, ಗುಡ್ಡ ತಗ್ಗು, ಮಂಡಿಗೆ ವಾಸಿ. ಗೋಡೆ ಕೆಲವು ಕಡೆ ಎಂಟು ಮೀಟರ್ ದಪ್ಪ ಇದೆ. ನಮ್ಮಲ್ಲಿ ದೊಡ್ಡ ಬಂಡೆ ಕಂಡರೆ ಭೀಮ ಎತ್ತಿಟ್ಟದ್ದು ಅಂತೀವಲ್ಲ, ಹಾಗೆ ಆಮೇಲಿನ ಗ್ರೀಕರು ಇದನ್ನು ಒಕ್ಕಣ್ಣಿನ ಸೈಕ್ಲೋಪ್ಸ್ ದೈತ್ಯರು ಕಟ್ಟಿದ್ದು ಅಂತ ನಂಬಿದರು. ಕ್ರಿ.ಶ. 2ನೇ ಶತಮಾನದಲ್ಲಿ ಇಲ್ಲೆಲ್ಲ ಓಡಾಡಿದ ಪೌಸಾನಿಯಸ್ ಅನ್ನುವ ಪ್ರವಾಸಿ, ನಮ್ಮ ಬರಹಗಾರರು ಈಜಿಪ್ಟಿನ ಪಿರಮಿಡ್ಡನ್ನು ಬಿಡದೆ ಬಣ್ಣಿಸುತ್ತಾರೆ, ಮನೆ ಬಾಗಿಲಲ್ಲೇ ಇರುವ ಟಿರಿನ್ಸ್ ಗೋಡೆಯ ಹೆಸರೆತ್ತುವುದಿಲ್ಲ ಅಂತ ಗೊಣಗಿದ್ದಾನೆ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಸಂಕಟ ಅವನಿಗೂ ಇತ್ತು ಅಲ್ವಾ? ಗೋಡೆಯೊಳಗೆ ಹಾದುಹೋಗುವ ಓಣಿಯ ಕಲ್ಲನ್ನು ಮುಟ್ಟಿ ನೋಡಿ, ನುಣ್ಣಗಿರುತ್ತದೆ. ಯಾವ ಶಿಲ್ಪಿಯ ಕೆಲಸವೂ ಅಲ್ಲ. ಮಳೆ ಬಿಸಿಲಿಗೆ ಅಲ್ಲಿ ಸೇರುತ್ತಿದ್ದ ಕುರಿಗಳು ನೂರಾರು ವರ್ಷ ಮೈ ಉಜ್ಜಿ ಉಜ್ಜಿ ಆದದ್ದು.

ಮೂರನೇ ದಿನ ಮೈಸೀನಿ. ಅಲ್ಲಿ ಏರು ಜಾಸ್ತಿ, ನೆರಳು ಕಡಿಮೆ. ಅಥೆನ್ಸಿನ ಟೂರಿಸ್ಟ್ ಬಸ್ಸುಗಳು ಬರುವ ಮೊದಲೇ ಹೋಗಿ. ಕ್ರಿ.ಪೂ. 1250ರ ಸುಮಾರಿನ ಸಿಂಹದ್ವಾರ ನೋಡಿದ ಮೇಲೆ ಮಂಡಿ ಬೇಡ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ, ಬೇಜಾರಿಲ್ಲ. ಆದರೆ ರಸ್ತೆಯಲ್ಲಿ ಸ್ವಲ್ಪ ಕೆಳಗಿರುವ 'ಆಟ್ರಿಯಸ್‌ನ ಖಜಾನೆ' ಬಿಡಬೇಡಿ. ಹೆಸರಿಗೆ ಖಜಾನೆ, ನಿಜವಾಗಿ ಸಮಾಧಿ. ಬಾಗಿಲ ಮೇಲಿನ ಒಂದೇ ಕಲ್ಲು ಸುಮಾರು 120 ಟನ್. ಮೈಸೀನಿಯಲ್ಲಿ ಸಿಕ್ಕ ಹೆಸರಾಂತ ಚಿನ್ನದ ಮುಖವಾಡವನ್ನು ಹುಡುಕಿಕೊಂಡು ಹೋಗಬೇಡಿ, 1876ರಲ್ಲಿ ಜರ್ಮನಿಯ ಶ್ಲೀಮನ್ ಕೋಟೆಯೊಳಗೆ ಅಗೆದು ತೆಗೆದ ಅದು ಅಥೆನ್ಸಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ. ಟ್ರಾಯ್ ಯುದ್ಧದಲ್ಲಿ ಗ್ರೀಕರ ನಾಯಕನಾಗಿದ್ದ ಅಗಮೆಮ್ನಾನ್ ರಾಜನದು ಅಂತ ಅವನು ನಂಬಿದ್ದ, ಆದರೆ ಮುಖವಾಡ ಟ್ರಾಯ್ ಯುದ್ಧ ನಡೆಯಿತು ಅನ್ನುವ ಕಾಲಕ್ಕಿಂತ ಸುಮಾರು ಮುನ್ನೂರು ವರ್ಷ ಹಳೆಯದು.

ಸುತ್ತಲಿನ ಇನ್ನೆರಡು ಹಳೆಯ ಜಾಗ ಲೆರ್ನಾ, ಆರ್ಗೋಸ್ ಎರಡನ್ನೂ ಈ ಸಲ ಬಿಡಿ. ನಾಫ್ಲಿಯೊ ಹೇಗೂ ಬಸ್ಸು ಬದಲಾಯಿಸುವ ಊರು, ಅಥೆನ್ಸಿಗೂ ಮೊದಲು ಆಧುನಿಕ ಗ್ರೀಸಿನ ರಾಜಧಾನಿಯಾಗಿದ್ದ ಜಾಗ. ಅಲ್ಲಿನ ಮ್ಯೂಸಿಯಂನಲ್ಲಿ ಕ್ರಿ.ಪೂ. 15ನೇ ಶತಮಾನದ ಕಂಚಿನ ಕವಚ ಇದೆ. ಕಾಡುಹಂದಿಯ ಕೋರೆಹಲ್ಲುಗಳನ್ನು ಸಾಲಾಗಿ ಜೋಡಿಸಿ ಮಾಡಿದ ಶಿರಸ್ತ್ರಾಣವನ್ನೂ ನೋಡಿ.

ಕೊನೆಯ ದಿನ ಎಪಿಡಾರಸ್. ಬಸ್ಸು ಹತ್ತುವಾಗ ಜೋಪಾನ, ಇದೇ ಹೆಸರಿನ ಇನ್ನೊಂದು ಊರು ಸಮುದ್ರದಂಡೆಯಲ್ಲಿದೆ. "ಥಿಯೇಟರ್" ಅಂತ ಬಾಯಿಬಿಟ್ಟು ಕೇಳಿಯೇ ಹತ್ತಿ. ಕಾರಾದರೆ ದಾರಿಯಲ್ಲಿ ಅರ್ಕಾಡಿಕೊ ಸೇತುವೆಯ ಹತ್ತಿರ ಇಳಿಯಿರಿ. ಮೂರು ಸಾವಿರ ವರ್ಷದ ಹಿಂದೆ ರಥ ಓಡಾಡಲಿ ಅಂತ ಗಾರೆ ಇಲ್ಲದೆ ಕಲ್ಲು ಪೇರಿಸಿ ಕಟ್ಟಿದ್ದು, ಇವತ್ತಿಗೂ ಮೇಲೆ ನಡೆದು ಹೋಗಬಹುದು.

ರೋಗಿಗಳು ದೇವಸ್ಥಾನದ ಮಂಟಪದಲ್ಲಿ ಮಲಗಿ, ವೈದ್ಯದೇವರು ಅಸ್ಕ್ಲೀಪಿಯಸ್ ಕನಸಿನಲ್ಲಿ ಬರಲಿ ಅಂತ ಕಾಯುತ್ತಿದ್ದ ಜಾಗ ಎಪಿಡಾರಸ್. ಆದರೆ ಜನ ಬರುವುದು 55 ಸಾಲಿನ ಬಯಲು ರಂಗಮಂದಿರಕ್ಕೆ. ಅಲ್ಲಿ ಮಾತು ಚೆನ್ನಾಗಿ ಕೇಳಿಸುತ್ತದೆ ಅನ್ನುವುದೇ ಅದರ ಖ್ಯಾತಿ. ಸುಣ್ಣಕಲ್ಲಿನ ಸಾಲುಗಳೇ ತಗ್ಗು ಸ್ವರದ ಗದ್ದಲವನ್ನು ಅಡಗಿಸುತ್ತವೆ ಅಂತ 2007ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ಸಂಶೋಧಕರು ಬರೆದರು. ಕೆಳಗೆ ಪಿಸುಗುಟ್ಟಿದರೂ ಕೊನೆಯ ಸಾಲಿಗೆ ಕೇಳುತ್ತದೆ ಅಂತ ಗೈಡುಗಳು ಹೇಳುತ್ತಲೇ ಇದ್ದಾರೆ. 2017ರಲ್ಲಿ ನೆದರ್ಲೆಂಡ್ಸ್‌ನ ಐಂಡ್‌ಹೋವನ್ ವಿಶ್ವವಿದ್ಯಾಲಯದವರು ಉಪಕರಣ ಇಟ್ಟು ಅಳೆದು, ಪಿಸುಮಾತು ಮುಂದಿನ ಸಾಲುಗಳಿಗಷ್ಟೇ ಅರ್ಥವಾಗುತ್ತದೆ, ಗಟ್ಟಿಯಾಗಿ ಮಾತಾಡಿದರೆ ಮಾತ್ರ ಮೇಲಿನವರಿಗೆ ಮುಟ್ಟುತ್ತದೆ ಅಂದರು.

ನೀವೇ ಪರೀಕ್ಷೆ ಮಾಡಿ. ಮಂಡಿ ನೋವು ನಿಮಗೆ ತಾನೆ, ನೀವು ಕೆಳಗೆ ನಿಲ್ಲಿ. ಯಜಮಾನರನ್ನು ಕೊನೆಯ ಸಾಲಿಗೆ ಹತ್ತಿಸಿ. ಆಮೇಲೆ ಮೆಲ್ಲಗೆ ಕೇಳಿ, ಬರೀ ಕಲ್ಲು ನೋಡೋಕೆ ಅಷ್ಟು ದೂರ ಯಾಕೆ ಅಂದ್ರಲ್ಲ ಅಂತ. ಅವರಿಗೆ ಕೇಳಿಸಿತೋ ಇಲ್ಲವೋ, ಒಂದು ಕಾರ್ಡು ಬರೆದು ತಿಳಿಸಿ.

- ಸಂಪಾದಕ